ದೂರವೂ ಕಾಲವೂ

ಯುರೋಪ್ ಖಂಡದ ನೈರುತ್ಯದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದ ಬಳಿ, ಪೋರ್ಚುಗಲ್ಲಿನ ರಾಜಧಾನಿಯಾದ ಲಿಸ್ಬನ್ ನಗರವಿದೆ. 1497ರಲ್ಲಿ ವಾಸ್ಕೋ ಡ ಗಾಮನು ಭಾರತಕ್ಕೆ ಜಲಮಾರ್ಗವನ್ನು ಅರಸುತ್ತ ಹೊರಟದ್ದು ಇಲ್ಲಿಂದಲೇ. ಖಂಡದ ಈಶಾನ್ಯ ಭಾಗದಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕಡಲಿನ ದಡದಲ್ಲಿ, ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ ಇದೆ. ಇವೆರಡು ನಗರಗಳ ನಡುವಣ ದೂರವೆಷ್ಟು? ಪ್ರಯಾಣಕ್ಕೆ ಹಿಡಿಯುವ ಕಾಲವೆಷ್ಟು? ಪ್ರಶ್ನೆಗಳು ಸರಳವಾಗಿ ತೋರಿದರೂ ಉತ್ತರಗಳು ಅಷ್ಟು ಸರಳವಲ್ಲ.

ಭೂಮಾರ್ಗವಾಗಿ ಹೋಗುವವರು ಬೆಟ್ಟಗಳನ್ನು ಬಳಸಿ, ನದಿಗಳನ್ನು ದಾಟಿ, ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು ಕ್ರಮಿಸಬೇಕಾಗುತ್ತದೆ. ವಾಯುಮಾರ್ಗದ ದೂರವಾದರೋ ಸುಮಾರು 3,360 ಕಿಲೋಮೀಟರ್ ಮಾತ್ರ. ಭೂಗೋಳದ ಮಾದರಿಯೊಂದನ್ನು ತೆಗೆದುಕೊಂಡು ಎರಡು ನಗರಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ, ಆ ದಾರವೇ ಅತ್ಯಂತ ಹತ್ತಿರದ ಮಾರ್ಗವನ್ನು ತೋರಿಸುತ್ತದೆ. ಇದಕ್ಕೆ ಮಹಾವೃತ್ತ ಮಾರ್ಗವೆಂದು ಹೆಸರು. ಗೋಡೆಯ ಭೂಪಟದಲ್ಲಿ ಇದೇ ಮಾರ್ಗವು ಉತ್ತರದ ಕಡೆಗೆ ಬಾಗಿದಂತೆ ಕಾಣುತ್ತದೆ. ದುಂಡಾದ ಭೂಮಿಯನ್ನು ಚಪ್ಪಟೆಯಾದ ಕಾಗದದ ಮೇಲೆ ಚಿತ್ರಿಸಿದ್ದರ ಫಲವಿದು.

ಇನ್ನು ಕಾಲದ ವಿಚಾರ. ಪ್ರಯಾಣಿಕ ವಿಮಾನವು ಗಂಟೆಗೆ ಸುಮಾರು 850 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಈ ಲೆಕ್ಕದಂತೆ ನಾಲ್ಕು ಗಂಟೆಗಳು ಸಾಕು. ಆದರೆ ಮೇಲೇರುವಾಗಲೂ ಕೆಳಗಿಳಿಯುವಾಗಲೂ ವೇಗ ಕಡಿಮೆಯಿರುವುದರಿಂದ ಸುಮಾರು ನಾಲ್ಕೂವರೆ ಗಂಟೆಗಳಾಗುತ್ತವೆ. ಮರಳುವಾಗ ಕಾಲವು ಐದು ಗಂಟೆಗಳ ಸಮೀಪಕ್ಕೆ ಬರುವುದುಂಟು. ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುವ ಗಾಳಿಯೇ ಇದಕ್ಕೆ ಕಾರಣ. ಪೂರ್ವಕ್ಕೆ ಸಾಗುವ ವಿಮಾನವನ್ನು ಅದು ಮುಂದಕ್ಕೆ ತಳ್ಳುತ್ತದೆ. ಪಶ್ಚಿಮಕ್ಕೆ ಸಾಗುವುದನ್ನು ತಡೆಯುತ್ತದೆ.

ಗಡಿಯಾರವನ್ನು ನಂಬಿದರಂತೂ ಇನ್ನೊಂದು ಸೋಜಿಗ ಎದುರಾಗುತ್ತದೆ. ಬೆಳಗ್ಗೆ 10 ಗಂಟೆಗೆ ಲಿಸ್ಬನ್ನಿನಿಂದ ಹೊರಟವನು ಹೆಲ್ಸಿಂಕಿಯಲ್ಲಿ ಇಳಿದಾಗ ಅಲ್ಲಿಯ ಗಡಿಯಾರ ಸಂಜೆಯ 4-30ನ್ನು ತೋರಿಸುತ್ತದೆ. ಸಂಜೆ 5-30ಕ್ಕೆ ಅಲ್ಲಿಂದ ಹೊರಟು ಐದು ಗಂಟೆ ಹಾರಿ ಬಂದವನಿಗೆ ಲಿಸ್ಬನ್ನಿನಲ್ಲಿ ಇನ್ನೂ ರಾತ್ರಿ 8-30. ಹೋಗುವಾಗ ಆರೂವರೆ ಗಂಟೆ, ಬರುವಾಗ ಮೂರೇ ಗಂಟೆ! ಭೂಮಿಯು ಗಂಟೆಗೆ 15 ಡಿಗ್ರಿಗಳಷ್ಟು ತಿರುಗುತ್ತದೆ. ಈ ನಗರಗಳ ರೇಖಾಂಶಗಳ ಅಂತರ ಸುಮಾರು 34 ಡಿಗ್ರಿ. ಆದುದರಿಂದ ಹೆಲ್ಸಿಂಕಿಯ ಗಡಿಯಾರವನ್ನು ಎರಡು ಗಂಟೆ ಮುಂದಿಟ್ಟಿದ್ದಾರೆ. ವಾಸ್ತವ ಕಾಲವನ್ನು ತಿಳಿಯಬೇಕಾದರೆ ಹೋಗುವಾಗ ಆ ಎರಡು ಗಂಟೆಗಳನ್ನು ಕಳೆಯಬೇಕು, ಬರುವಾಗ ಕೂಡಿಸಬೇಕು.

ಗಾಳಿ, ಗಡಿಯಾರಗಳಲ್ಲದೆ ಮನುಷ್ಯನ ನಡತೆಯೂ ದಾರಿಯ ಉದ್ದವನ್ನು ಬದಲಿಸಬಲ್ಲದು. ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋ ನಗರಕ್ಕೆ ವಿಮಾನಗಳು ರಷ್ಯದ ಮೇಲೆ ಹಾರಿ ಸುಮಾರು ಒಂಬತ್ತೂವರೆ ಗಂಟೆಗಳಲ್ಲಿ ತಲುಪುತ್ತಿದ್ದವು. 2022ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಯುದ್ಧವನ್ನು ಆರಂಭಿಸಿತು. ಐರೋಪ್ಯ ಒಕ್ಕೂಟದ ದೇಶಗಳು ರಷ್ಯದ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ರಷ್ಯವೂ ಹಾಗೆಯೇ ಮಾಡಿತು. ಆ ಬಳಿಕ ಫಿನ್ಲೆಂಡಿನ ವಿಮಾನಗಳು ಸುತ್ತುದಾರಿ ಹಿಡಿಯಬೇಕಾಗಿ ಬಂದು, ಪ್ರಯಾಣದ ಕಾಲ ಸುಮಾರು 13 ಗಂಟೆಗಳಿಗೆ ಏರಿತು. ಎರಡು ನಗರಗಳೂ ತಮ್ಮ ಸ್ಥಾನಗಳಲ್ಲಿಯೇ ಇದ್ದವು. ಆದರೂ ಅವುಗಳ ನಡುವಣ ದಾರಿ ದೀರ್ಘವಾಯಿತು.

ದೇಶದೇಶಗಳ ನಡುವೆ ಸೌಹಾರ್ದವಿದ್ದರೆ ದೂರದ ಊರೂ ಹತ್ತಿರವಾಗುತ್ತದೆ; ಅದು ಅಳಿದರೆ, ಎಷ್ಟೇ ವೇಗದ ವಿಮಾನವಿದ್ದರೂ ಹತ್ತಿರದ ದಾರಿ ಮುಚ್ಚಿಹೋಗುತ್ತದೆ.