ಕಾರಿನ ಚಕ್ರಕ್ಕೆ ಹೊಸ ಬಣ್ಣ

ಹಳೆಯ ಕಾರನ್ನು ಎಷ್ಟೇ ತೊಳೆದು ಒರೆಸಿ ನಿಲ್ಲಿಸಿದರೂ ಅದರ ವಯಸ್ಸನ್ನು ಮೊದಲು ಹೇಳಿಬಿಡುವುದು ಚಕ್ರ. ಬಣ್ಣ ಚಕ್ಕೆಯೆದ್ದು, ಅಲ್ಲಲ್ಲಿ ಬಿಳಿಯ ಪುಡಿ ಕಟ್ಟಿ, ಅಂಚು ತರಚಿಹೋದ ಚಕ್ರವನ್ನು ಕಂಡಾಗ, ‘ಒಂದು ಡಬ್ಬಿ ಬಣ್ಣ ತಂದು ಬಳಿದರಾಯಿತು’ ಎಂದು ನಿಮಗೂ ಅನ್ನಿಸಿರಬಹುದು. ಕೆಲಸವೇನೋ ಅಸಾಧ್ಯವಲ್ಲ. ಆದರೆ ಕಿಟಕಿಯ ಬಣ್ಣ ಕೆಟ್ಟರೆ ಅಂದ ಮಾತ್ರ ಕೆಟ್ಟೀತು. ಚಕ್ರದ ಬಣ್ಣ ಬೀಳಬಾರದ ಕಡೆ ಬಿದ್ದರೆ ಚಕ್ರವೇ ಸಡಿಲವಾದೀತು. ಆದುದರಿಂದ ಕೆಲಸಕ್ಕೆ ಕೈಹಾಕುವ ಮುನ್ನ ಅದರ ಮರ್ಮವನ್ನು ಅರಿತಿರುವುದು ಒಳ್ಳೆಯದು.

ಅಂಬಾಸಿಡರ್, ಫಿಯಟ್ ಕಾರುಗಳ ಕಾಲದಲ್ಲಿ ನಾವು ಕಂಡದ್ದು ಉಕ್ಕಿನ ಚಕ್ರ. ಅನಂತರ ಮನೆಮಾತಾದ ಅಲಾಯ್ ಚಕ್ರವು ಎರಕದ ಮಿಶ್ರಲೋಹ. ಅದರಲ್ಲಿ ಬಹುಪಾಲು ಅಲ್ಯೂಮಿನಿಯಂ. ಸಾಮಾನ್ಯವಾಗಿ ಶೇಕಡ 7ರಷ್ಟು ಸಿಲಿಕಾನ್, ಚೂರು ಮೆಗ್ನೀಸಿಯಂ. ಎರಕದ ಅಲ್ಯೂಮಿನಿಯಂ ಚಕ್ರ ಹೊಸದೇನಲ್ಲ. ಬುಗಾಟಿ ಸಂಸ್ಥೆಯ ‘ಟೈಪ್ 35’ ಪಂದ್ಯದ ಕಾರು 1924ರಲ್ಲಿಯೇ ಅಂಥ ಚಕ್ರಗಳ ಮೇಲೆ ಓಡಿತು.

ಅಲ್ಯೂಮಿನಿಯಂ ತುಕ್ಕು ಹಿಡಿಯದೆಂಬ ಮಾತು ಅರ್ಧ ನಿಜ. ಗಾಳಿ ಸೋಕಿದೊಡನೆ ಅದರ ಮೇಲೆ ತೆಳುವಾದ ಪೊರೆಯೊಂದು ಕಟ್ಟಿಕೊಂಡು ಲೋಹವನ್ನು ಕಾಯುತ್ತದೆ. ಆದರೆ ಬಣ್ಣಕ್ಕೆ ಪೆಟ್ಟುಬಿದ್ದ ಜಾಗದಲ್ಲಿ ನೀರು, ಕೊಳೆ, ಉಪ್ಪಿನಂಶ ಒಳಸೇರಿದರೆ ಪೊರೆ ಸೋಲುತ್ತದೆ. ಬಿಳಿಯ ಪುಡಿ ಏಳುತ್ತದೆ. ಬಣ್ಣದ ಅಡಿಯಲ್ಲಿಯೇ ಹಾನಿ ಹರಡುತ್ತದೆ. ಚಾಮರಾಜನಗರದ ಸೀಮೆ ಕರಿಕಲ್ಲಿಗೆ ಹೆಸರಾದುದು. ಜಲ್ಲಿ ಚೂರು ಚೆಲ್ಲಿದ ರಸ್ತೆಯಲ್ಲಿ ಚಕ್ರಕ್ಕೆ ಸಿಡಿಯುವ ಪೆಟ್ಟುಗಳಿಗೆ ಲೆಕ್ಕವಿಲ್ಲ. ಇನ್ನು ಹರದನಹಳ್ಳಿಯ ಕಡೆಯವರು ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಟ್ಟದ 27 ತಿರುವು. ಗುಂಡ್ಲುಪೇಟೆಯವರು ಮಸಿನಗುಡಿಯ ಮೇಲೆ ಉದಕಮಂಡಲಕ್ಕೆ ಹೋದರೆ ಕಲ್ಲಟ್ಟಿಯ 36 ತಿರುವು. ಇಳಿಜಾರಿನಲ್ಲಿ ಬ್ರೇಕಿನಿಂದ ಉದುರುವ ಬಿಸಿ ಲೋಹದ ಧೂಳು ಚಕ್ರದ ಮೇಲೆಯೇ ಕೂರುತ್ತದೆ.

ಮೊದಲ ಕೆಲಸ ಬಣ್ಣವಲ್ಲ, ಪರೀಕ್ಷೆ. ಚಕ್ರವನ್ನು ಕಳಚಿ, ಒಳಮೈ ಹೊರಮೈ ಎರಡನ್ನೂ ಸೋಪಿನ ನೀರಿನಿಂದ ತೊಳೆದು ಬೆಳಕಿಗೆ ಹಿಡಿಯಿರಿ. ಎಲ್ಲಿಯಾದರೂ ಕೂದಲೆಳೆಯಂಥ ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ. ಪುಟ್ಟಿ ತುಂಬಿ ಬಣ್ಣ ಬಳಿದರೆ ಬಿರುಕು ಮರೆಯಾಗುತ್ತದೆಯೇ ಹೊರತು ಮಾಯವಾಗುವುದಿಲ್ಲ. ಅಂಥ ಚಕ್ರವನ್ನು ಬದಲಾಯಿಸುವುದೇ ಲೇಸು. ಬಾಗಿದ ಅಂಚನ್ನು ಬೆಂಕಿಯಲ್ಲಿ ಕಾಯಿಸಿ ತಟ್ಟಿಸುವುದೂ ಅಪಾಯ. ಕಾರ್ಖಾನೆಯಲ್ಲಿ ಈ ಲೋಹಕ್ಕೆ ಬಲ ಬರುವುದು ಹದವರಿತು ಕೊಟ್ಟ ಶಾಖದಿಂದ. ಹದ ತಪ್ಪಿದ ಶಾಖ ಆ ಬಲವನ್ನು ಕಸಿಯುತ್ತದೆ.

ಹಳೆಯ ಬಣ್ಣ ತೆಗೆಯಲು ಕಾಸ್ಟಿಕ್ ಸೋಡವನ್ನಾಗಲಿ ಕಕ್ಕಸು ತೊಳೆಯುವ ಆಮ್ಲವನ್ನಾಗಲಿ ಮುಟ್ಟಬೇಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಸೋಡ ಕುದಿಸಿದರೆ ಏನಾಗುತ್ತದೆಂದು ಗೃಹಿಣಿಯರು ಬಲ್ಲರು. ಚಕ್ರಕ್ಕೂ ಅದೇ ಗತಿ. ಉಪ್ಪುಕಾಗದವೇ ಸಾಕು. ಮೊದಲು ಒರಟಾದುದು, ಬಳಿಕ 240, 400ರ ನಯವಾದುದು. ನೀರು ಹಚ್ಚಿ ಉಜ್ಜಿದರೆ ಧೂಳು ಮೂಗಿಗೇರುವುದಿಲ್ಲ. ಬಿಳಿಯ ಪುಡಿಯೆಲ್ಲ ಹೋಗಿ ಹೊಳೆಯುವ ಲೋಹ ಕಾಣಬೇಕು. ಮೇಲುಮೇಲಿನ ಗೀರಿಗೆ ಮಾತ್ರ ಪುಟ್ಟಿ ಸಲ್ಲುತ್ತದೆ. ಒಣಗಿಸಿ, ಜಿಡ್ಡು ಹೋಗುವಂತೆ ಥಿನ್ನರಿನಿಂದ ಒರೆಸಿ, ಟೈರು ಮತ್ತು ವಾಲ್ವನ್ನು ಕಾಗದದಿಂದ ಮುಚ್ಚಿರಿ.

ಬರಿಯ ಅಲ್ಯೂಮಿನಿಯಂ ಮೇಲೆ ಬಣ್ಣ ನೇರವಾಗಿ ನಿಲ್ಲದು. ಲೋಹವನ್ನು ಕಚ್ಚಿ ಹಿಡಿಯುವ ಎಚ್ ಪ್ರೈಮರ್ ಮೊದಲು, ಅನಂತರ ಬಣ್ಣ, ಕೊನೆಗೆ ಪಾರದರ್ಶಕವಾದ ಲ್ಯಾಕರ್. ಒಂದೇ ಸಾರಿ ದಪ್ಪವಾಗಿ ಬಳಿದರೆ ಇಳಿಯುತ್ತದೆ. ತೆಳುವಾಗಿ ಮೂರು ಸಲ, ಡಬ್ಬಿಯ ಮೇಲೆ ಹೇಳಿರುವಷ್ಟು ಹೊತ್ತು ಬಿಟ್ಟು ಬಿಟ್ಟು ಸಿಂಪಡಿಸಿ. ಮಳೆಯ ತೇವವಿಲ್ಲದ ದಿನ, ಗಾಳಿಯಾಡುವ, ಧೂಳಿಲ್ಲದ ಜಾಗ ಬೇಕು. ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಬಣ್ಣಗಳಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುವುದುಂಟು. ಅದು ಉಸಿರಿಗೆ ಸೇರಿದರೆ ಆಸ್ತಮಾ ಬರಬಹುದು. ಬಟ್ಟೆ ಕಟ್ಟಿಕೊಂಡ ಮಾತ್ರಕ್ಕೆ ರಕ್ಷಣೆಯಿಲ್ಲ. ಅದನ್ನು ತಕ್ಕ ಸಲಕರಣೆಯುಳ್ಳ ವರ್ಕ್‌ಷಾಪಿಗೇ ಬಿಡಿ.

ಈಗ ಮುಖ್ಯವಾದ ಮಾತು. ನಟ್ಟು ಕೂರುವ ಕುಳಿಗಳಿಗೂ, ಚಕ್ರದ ಹಿಂಬದಿ ಹಬ್ಬಿಗೆ ಒತ್ತಿಕೊಳ್ಳುವ ಮುಖಕ್ಕೂ ಬಣ್ಣ ತಾಗಕೂಡದು. ಏಕೆ? ನಟ್ಟು ಬಿಗಿದಾಗ ಲೋಹಕ್ಕೆ ಲೋಹ ಒತ್ತಿ ನಿಲ್ಲಬೇಕು. ನಡುವೆ ಬಣ್ಣದ ಪದರವಿದ್ದರೆ ಓಡಾಟದ ಶಾಖಕ್ಕೂ ಅದುರಿಗೂ ಅದು ಸವೆದು ನುಜ್ಜಾಗುತ್ತದೆ. ಅಷ್ಟರಮಟ್ಟಿಗೆ ಹಿಡಿತ ಸಡಿಲವಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ನಟ್ಟು ಸಡಿಲವಾದರೇ ಭಯ. ಘಟ್ಟದ ತಿರುವಿನಲ್ಲಿ ಹೇಳುವುದೇ ಬೇಡ.

ಬಣ್ಣ ಚೆನ್ನಾಗಿ ಗಟ್ಟಿಯಾದ ಮೇಲೆ ಚಕ್ರ ಜೋಡಿಸಿ, ನಟ್ಟುಗಳನ್ನು ಒಂದರ ಎದುರಿಗೊಂದರಂತೆ, ಕಾರಿನ ಕೈಪಿಡಿ ಹೇಳಿದ ಅಳತೆಗೆ ಬಿಗಿಯಿರಿ. ತೂಕದ ಚೂರುಗಳನ್ನು ಕಿತ್ತಿದ್ದರೆ ಬ್ಯಾಲೆನ್ಸಿಂಗ್ ಮಾಡಿಸಲೇಬೇಕು. 50ರಿಂದ 100 ಕಿಲೋಮೀಟರ್ ಓಡಿದ ಬಳಿಕ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿ. ಘಟ್ಟದ ಪಯಣ ಅದಾದ ಮೇಲೆ ಇರಲಿ. ಇಷ್ಟು ಎಚ್ಚರ ವಹಿಸಿದರೆ ಚಕ್ರದ ಅಂದವೂ ಉಳಿದೀತು, ಒಳಗೆ ಕುಳಿತವರ ಕ್ಷೇಮವೂ ಉಳಿದೀತು.