ಮನಸ್ಸು ಕೆಡಲು ಒಂದೇ ಕಾರಣ ಸಾಲದು

ಶಿರಸಿ–ಹುಬ್ಬಳ್ಳಿ ರಸ್ತೆಯ ಎಕ್ಕಂಬಿಯಿಂದ ಹಿಡಿದು ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳವರೆಗೆ, ಮನೆಯಲ್ಲೊಬ್ಬರ ಮನಸ್ಸು ಹದ ತಪ್ಪಿದರೆ ಡಾಕ್ಟರ ಮಾತು ಬರುವುದು ಕೊನೆಗೆ. ಮೊದಲು ಕಾರಣದ ಹುಡುಕಾಟ. ‘ಎಂತಾ ಆತು ಮಾಣಿಗೆ? ಊಟ ಸೇರ್ತಿಲ್ಲೆ, ನಿದ್ರೆ ಇಲ್ಲೆ’ ಎಂದು ಅಜ್ಜಿ ಕೇಳಿದರೆ ಮನೆಮಂದಿಯ ಒಬ್ಬೊಬ್ಬರ ಬಳಿಯೂ ಒಂದೊಂದು ಉತ್ತರವಿರುತ್ತದೆ. ನಾಗದೋಷ, ದಾಯಾದಿಗಳು ಮಾಡಿಸಿದ ಮಾಟ, ಮೊಬೈಲು, ಹೊಸದಾಗಿ ಬಂದ ಸೊಸೆಯ ಕಾಲ್ಗುಣ, ಇಲ್ಲವೇ ಹುಡುಗನಿಗೇ ಮನಸ್ಸು ಗಟ್ಟಿ ಇಲ್ಲ ಎಂಬ ತೀರ್ಪು. ಉತ್ತರಗಳು ಬೇರೆ ಬೇರೆಯಾದರೂ ಎಲ್ಲರೂ ಹುಡುಕುತ್ತಿರುವುದು ಒಂದೇ ಒಂದು ಕಾರಣವನ್ನು.

ಅಂಥ ಒಂಟಿ ಕಾರಣ ಸಿಗುವುದು ಬಲು ಅಪರೂಪ. ಹುಡುಕಾಟದಲ್ಲಿ ಯಾರೋ ಒಬ್ಬರು ಅಪರಾಧಿಯಾಗುತ್ತಾರೆ, ಚಿಕಿತ್ಸೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಡವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕೊಳೆರೋಗ ಹೇಗೆ ಬರುತ್ತದೆಂದು ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ರೋಗದ ಬೀಜ ತೋಟದಲ್ಲಿ ಇದ್ದೇ ಇರುತ್ತದೆ. ಬಿಡುವಿಲ್ಲದ ಮಳೆ, ಬಿಸಿಲು ಕಾಣದ ಕಣಿವೆ, ಹೊತ್ತಿಗೆ ಸರಿಯಾಗಿ ಮದ್ದು ಹೊಡೆಯಲಾಗದ ವರ್ಷ ಇವೆಲ್ಲ ಕೂಡಿದಾಗ ಕಾಯಿ ಉದುರುತ್ತದೆ. ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆಯ ಹೊದಿಕೆ ಕಟ್ಟಿದ್ದರೆ ಅದೇ ಮಳೆಯಲ್ಲೂ ಫಸಲು ಉಳಿಯುತ್ತದೆ. ಮನಸ್ಸಿನ ಕಾಯಿಲೆಯ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ.

ಮೊದಲು ರಕ್ತಸಂಬಂಧದ ಮಾತು. ‘ಅವರ ಮನೆತನದಲ್ಲೇ ಅದು ಉಂಟು’ ಎಂಬ ಪಿಸುಮಾತು ಎಷ್ಟೋ ಸಂಬಂಧಗಳನ್ನು ಮುರಿದಿದೆ. ಅನುವಂಶೀಯತೆಯ ಪಾತ್ರ ನಿಜ, ಆದರೆ ಜನ ಭಯಪಡುವಷ್ಟಿಲ್ಲ. ಸ್ಕಿಜೋಫ್ರೇನಿಯಾ ಇರುವ ತಂದೆಯ ಅಥವಾ ತಾಯಿಯ ಮಕ್ಕಳಲ್ಲಿ ಆ ಕಾಯಿಲೆ ಬರುವುದು ಸುಮಾರು ನೂರಕ್ಕೆ ಹತ್ತು ಮಂದಿಗೆ. ಉಳಿದ ತೊಂಬತ್ತು ಮಂದಿಗೆ ಬರುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೂ ಇನ್ನೊಬ್ಬರಿಗೆ ಬಂದೇ ತೀರಬೇಕೆಂದಿಲ್ಲ. ವಂಶದಿಂದ ಬರುವುದು ಒಲವು ಮಾತ್ರ.

ದೇಹದ ಪಾಲೂ ಇದೆ. ಥೈರಾಯ್ಡ್ ಕುಂದಿದರೆ ಮಂಕು, ಸುಸ್ತು, ಮರೆವು ಆವರಿಸಿ ಖಿನ್ನತೆಯಂತೆಯೇ ಕಾಣುತ್ತದೆ. ಬಿ12 ಕೊರತೆ, ಹೆರಿಗೆಯ ನಂತರದ ಹಾರ್ಮೋನುಗಳ ಏರಿಳಿತ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ದೀರ್ಘಕಾಲದ ನೋವು ಇವೂ ಮನಸ್ಸನ್ನು ಕುಗ್ಗಿಸಬಲ್ಲವು. ಒಳ್ಳೆಯ ಮನೋವೈದ್ಯರು ಮೊದಲ ಭೇಟಿಯಲ್ಲೇ ರಕ್ತ ಪರೀಕ್ಷೆ ಬರೆದುಕೊಡುವುದು ಇದಕ್ಕಾಗಿ.

ಇನ್ನು ಬದುಕಿನ ಹೊರೆ. 1978ರಲ್ಲಿ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಎಂಬ ಸಂಶೋಧಕರು ಲಂಡನ್ನಿನ ಕ್ಯಾಂಬರ್‌ವೆಲ್ ಬಡಾವಣೆಯ ಹೆಂಗಸರ ಅಧ್ಯಯನವೊಂದನ್ನು ಪ್ರಕಟಿಸಿದರು. ಸಾವು, ಅಗಲಿಕೆ, ಆಘಾತ ಅಲ್ಲಿ ಹಲವರಿಗೆ ಬಂದಿದ್ದವು. ಖಿನ್ನತೆಗೆ ಬಿದ್ದವರು ಕೆಲವರೇ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವರು, ಮನೆ ತುಂಬ ಚಿಕ್ಕ ಮಕ್ಕಳಿರುವವರು, ಹೊರಗೆ ದುಡಿಮೆ ಇಲ್ಲದವರು, ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸು ಬಿಚ್ಚಿ ಮಾತಾಡಲು ಆಪ್ತರೊಬ್ಬರೂ ಇಲ್ಲದವರು ಸುಲಭವಾಗಿ ಕುಸಿದಿದ್ದರು.

ನಮ್ಮ ಜಿಲ್ಲೆಗೆ ತಾಗಿಕೊಂಡೇ ಇರುವ ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಬಾಣಂತಿಯರ ಬಗ್ಗೆ ನಡೆಸಿದ ಅಧ್ಯಯನ 2002ರಲ್ಲಿ ಬಂತು. ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ಶೇ 23ರಷ್ಟು ತಾಯಂದಿರಲ್ಲಿ ಖಿನ್ನತೆ ಇತ್ತು. ಬಡತನ, ಗಂಡನೊಂದಿಗಿನ ವಿರಸ, ಹೊಡೆತ, ಹುಟ್ಟಿದ್ದು ಹೆಣ್ಣು ಎಂಬ ಬೇಸರ ಅದಕ್ಕೆ ಜೊತೆಗೂಡಿದ್ದವು. ಎಣ್ಣೆಸ್ನಾನ, ಬಾಣಂತಿ ಲೇಹ್ಯ, ಬೆಚ್ಚನೆಯ ಕೋಣೆ ಎಲ್ಲ ಇದ್ದೂ ಬಾಣಂತಿ ಮೂಲೆ ಹಿಡಿದು ಅಳುತ್ತಿದ್ದರೆ ‘ಸೊಕ್ಕು’ ಎನ್ನುವವರು ಇವತ್ತಿಗೂ ಇದ್ದಾರೆ. ಅದು ಗುಣವಾಗುವ ಕಾಯಿಲೆ ಎಂದು ಆ ಮನೆಯವರಿಗೆ ಹೇಳುವವರು ಬೇಕಾಗಿದ್ದಾರೆ.

ಘಟ್ಟದ ಮೇಲಿನ ಬದುಕಿಗೆ ತನ್ನದೇ ಆದ ಹೊರೆಗಳಿವೆ. ಕೊಳೆಯ ಜೊತೆಗೆ ಈಗ ಎಲೆಚುಕ್ಕೆ ರೋಗ. ಮರ ಹತ್ತುವ ಕೊನೆಗೌಡರು ಸಿಗುವುದಿಲ್ಲ. ಅಡಿಕೆಯ ದರ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇಲ್ಲ. ಸಂಘದ ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಅತಿಕ್ರಮಣ ಜಾಗದಲ್ಲಿ ತಲೆಮಾರುಗಳಿಂದ ಉಳುಮೆ ಮಾಡಿಕೊಂಡು ಬಂದವರು 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಹಕ್ಕುಪತ್ರಕ್ಕೆ ಕಾಯುತ್ತಿದ್ದಾರೆ. ಬೇಸಿಗೆ ಬಂದರೆ ಸಿದ್ದಾಪುರದ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ರಸ್ತೆ ಎಲ್ಲ ಕೊಚ್ಚಿಹೋದವು. ಅಂಥದ್ದನ್ನು ಕಣ್ಣಾರೆ ಕಂಡವರಿಗೆ ಮುಂದಿನ ಮಳೆಗಾಲಗಳಲ್ಲಿ ಮಾಡಿನ ಮೇಲಿನ ಸದ್ದಿಗೇ ಎದೆ ಹೊಡೆದುಕೊಳ್ಳುವುದುಂಟು. ಆಘಾತದ ನಂತರದ ಈ ಒತ್ತಡವನ್ನು ವೈದ್ಯರು ಗುರುತಿಸುತ್ತಾರೆ, ಚಿಕಿತ್ಸೆಯನ್ನೂ ಕೊಡುತ್ತಾರೆ.

ಒಂಟಿತನ ಇವೆಲ್ಲಕ್ಕಿಂತ ಮೌನವಾದದ್ದು. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾರೆ, ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು, ಪಕ್ಕದ ಮನೆಗೆ ಹೋಗಬೇಕಾದರೆ ತೋಟ ಇಳಿದು ಸಂಕ ದಾಟಬೇಕು. ಇತ್ತ ಊರಲ್ಲೇ ಉಳಿದು ತೋಟ ನೋಡಿಕೊಂಡ ಮಗನಿಗೆ ಮೂವತ್ತೈದಾದರೂ ಹೆಣ್ಣು ಸಿಕ್ಕಿಲ್ಲ. ಪ್ರತಿ ಮದುವೆಮನೆಯಲ್ಲೂ ‘ನಿನ್ನದು ಯಾವಾಗಾ?’ ಎಂಬ ಪ್ರಶ್ನೆ. ಕೆಲವರು ಇದಕ್ಕೆ ಮದ್ದೆಂದು ಕುಡಿತ ಹಿಡಿಯುತ್ತಾರೆ. ಹೆಂಡ ಆ ಹೊತ್ತಿಗೆ ನಿದ್ದೆ ತರಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ, ಖಿನ್ನತೆಯನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತದೆ. ಮನೆಯವರ ಕಣ್ಣಿಗೆ ಕಾಣುವುದು ಕುಡಿತವೊಂದೇ.

ಹಳ್ಳಿಯ ಬದುಕಿಗೂ ಮನಸ್ಸಿನ ಕಾಯಿಲೆಗೂ ಏನು ನಂಟು ಎಂದು ಕನ್ನಡ ನೆಲದಲ್ಲೇ ಕೂಲಂಕಷವಾಗಿ ಕೇಳಿದವರಿದ್ದಾರೆ. ಕರಾವಳಿಯ ಕೋಟದಲ್ಲಿ ಮನೆಮನೆಗೆ ಹೋಗಿ ನಡೆಸಿದ ಅಧ್ಯಯನವನ್ನು ಮೋರಿಸ್ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಗಿ ತಂದರು. ಕಪೂರ್ ಮುಂದೆ ನಿಮ್ಹಾನ್ಸ್‌ನಲ್ಲಿ ಮನೋವೈದ್ಯ ವಿಭಾಗದ ಮುಖ್ಯಸ್ಥರಾದರು. ಬ್ರಾಹ್ಮಣರು, ಬಂಟರು, ಮೊಗೇರರು ಎಂಬ ಮೂರು ಸಮುದಾಯಗಳ ಬದುಕು, ಬದಲಾವಣೆ, ಒತ್ತಡಗಳನ್ನು ಈ ಇಬ್ಬರು ಸಂಶೋಧಕರು ಜೊತೆಗಿಟ್ಟು ನೋಡಿದರು. ವೈದ್ಯರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳು ಹೀಗೆ ಊರಿನ ನಾಟಿ ಚಿಕಿತ್ಸಕರನ್ನೂ ಗಮನಿಸಿದರು. ಜನ ಒಬ್ಬರನ್ನೇ ನೆಚ್ಚಿಕೊಂಡಿರಲಿಲ್ಲ. ಪಾತ್ರಿಯ ಬಳಿಗೂ ಹೋಗುತ್ತಿದ್ದರು, ಡಾಕ್ಟರ ಬಳಿಗೂ ಹೋಗುತ್ತಿದ್ದರು. ನಮ್ಮಲ್ಲೂ ಅಷ್ಟೆ. ದೇವರಿಗೆ ಹರಕೆ ಹೊತ್ತವರು ಮಾತ್ರೆ ನುಂಗಬಾರದೆಂದು ಯಾವ ದೇವರೂ ಹೇಳಿಲ್ಲ.

ಚಿಕಿತ್ಸೆ ಎಂದರೆ ಧಾರವಾಡದ ಹಳೆಯ ಮಾನಸಿಕ ಆಸ್ಪತ್ರೆ, ಅಂದರೆ ಇಂದಿನ ಡಿಮ್ಹಾನ್ಸ್, ಎಂಬ ಕಲ್ಪನೆ ಈ ಭಾಗದಲ್ಲಿ ಬೇರೂರಿದೆ. ‘ಧಾರವಾಡಕ್ಕೆ ಕಳಿಸಬೇಕು’ ಎಂಬುದು ಬೈಗುಳವೇ ಆಗಿಬಿಟ್ಟಿದೆ. ಆದರೆ ಬಹುಪಾಲು ಮಂದಿಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಇದನ್ನು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆ ತೋರಿಸಿಕೊಟ್ಟಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅಗತ್ಯ ಔಷಧಗಳನ್ನು ಅಲ್ಲೇ ಒದಗಿಸಲಾಯಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋರೋಗ ತಪಾಸಣೆ ನಡೆಸುವ ‘ಮನೋಚೈತನ್ಯ’ ಯೋಜನೆಯನ್ನೂ ರಾಜ್ಯ ಸರ್ಕಾರ ರೂಪಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆ ಪಡೆಯುವುದು ಪ್ರಜೆಯ ಹಕ್ಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಮಾಡಬೇಕೇ ಹೊರತು ಶಿಕ್ಷಿಸುವಂತಿಲ್ಲ.

ಹಲವು ಕಾರಣಗಳಿದ್ದರೆ ಹಲವು ಕಡೆಯಿಂದ ಕೈಹಾಕಬಹುದು ಎಂಬುದೇ ಇಲ್ಲಿ ಭರವಸೆಯ ಮಾತು. ವಂಶವನ್ನು ಬದಲಿಸಲಾಗದು, ಥೈರಾಯ್ಡಿಗೆ ಮಾತ್ರೆ ಇದೆ, ಸಾಲಕ್ಕೆ ಸಂಘದಲ್ಲಿ ಕಂತಿನ ಮಾತುಕತೆ ಸಾಧ್ಯ, ಒಂಟಿ ಹಿರಿಯರ ಮನೆಗೆ ವಾರಕ್ಕೊಮ್ಮೆ ಹೋಗಿಬರಲು ನೆರೆಯವರಿಗೆ ಆದೀತು. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸದ ಆಸಕ್ತಿ ಮರಳದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಸಾಯುವ ಮಾತು ಬಂದರೆ ಅಂದೇ ಹೋಗಬೇಕು, ಅವರನ್ನು ಒಂಟಿಯಾಗಿ ಬಿಡಬಾರದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ–ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಎದುರು ಕೂತಾಗ ನಿದ್ದೆ ಕೆಟ್ಟದ್ದು ಯಾವಾಗಿನಿಂದ, ಮೊದಲು ಯಾವ ಕಾಯಿಲೆ ಇತ್ತು, ಯಾವ ಮದ್ದು ತಿಂದದ್ದು, ಮನೆಯಲ್ಲಿ ಏನು ನಡೆದಿದೆ, ಕುಡಿತ ಎಷ್ಟು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಪಾತ್ರಿಯ ಬಳಿ ಹೋಗಿದ್ದರೆ ಅದನ್ನೂ ಹೇಳಬಹುದು.