ಡೆಲ್ಲಿಯಲ್ಲಿ ನಾಯಕ, ಕಲ್ಕತ್ತೆಯಲ್ಲಿ ಹನ್ನೆರಡನೆಯವ

ಹನುಮಂತನಗರದ ಆ ಮನೆ ಖಾಲಿಯಾಗುತ್ತಿತ್ತು. ಎಂಬತ್ತು ದಾಟಿದ ಯಜಮಾನರು ಮಗಳ ಅಪಾರ್ಟ್‌ಮೆಂಟಿಗೆ ಹೊರಟಿದ್ದರು. ಹಾಲ್ ತುಂಬಾ ಸ್ಟೀಲ್ ಡಬ್ಬಿ, ಹಗ್ಗ ಕಟ್ಟಿದ ಪುಸ್ತಕ, ಹಳೇ ಪೇಪರ್. ಅವರಲ್ಲಿದ್ದ ಹಳೆಯ ಕ್ರೀಡಾ ಪತ್ರಿಕೆಗಳನ್ನು ಕೇಳಿ ತರೋಣ ಅಂತ ಹೋಗಿದ್ದೆ. ರದ್ದಿಗೆಂದು ಬೇರೆ ಇಟ್ಟಿದ್ದ ಕಟ್ಟಿನೊಳಗಿಂದ ಕೆಂಪು ಬಟ್ಟೆ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದು ಇಣುಕುತ್ತಿತ್ತು. ಅಂಗಡಿ ಸಾಲದ ಲೆಕ್ಕವಿರಬೇಕು ಅಂದುಕೊಂಡು ತೆರೆದೆ. ಎಡಗಡೆ ‘ಅವರ ತಂಡ’, ಬಲಗಡೆ ‘ನಮ್ಮ ತಂಡ’. ಎಡಗಡೆ ಹನ್ನೊಂದು ಹೆಸರಿನ ಒಂದು ಪಟ್ಟಿ, ಬಲಗಡೆ ಅಂಥವೇ ನಾಲ್ಕು, ಒಂದೊಂದರ ಕೆಳಗೂ ಒಬ್ಬೊಬ್ಬರ ಸಹಿ. ಮೂರು ವಾರವಾಯಿತು, ಆ ಪುಸ್ತಕದ ಗುಂಗು ಇನ್ನೂ ಬಿಟ್ಟಿಲ್ಲ.

‘ಅವರು’ ಅಂದರೆ ಭಾರತ ಕ್ರಿಕೆಟ್ ತಂಡದ ಆಯ್ಕೆ ಸಮಿತಿ. ‘ನಾವು’ ಅಂದರೆ ಗಾಂಧಿ ಬಜಾರಿನ ಹೋಟೆಲೊಂದರ ಮುಂದೆ ಸಂಜೆ ಸೇರುತ್ತಿದ್ದ ನಾಲ್ವರು ಸ್ನೇಹಿತರು. ತಂಡ ಪ್ರಕಟವಾಗುವ ಮೊದಲೇ ತಮ್ಮ ಹನ್ನೊಂದು ಮಂದಿಯನ್ನು ಬರೆದು ಸಹಿ ಹಾಕಬೇಕು. ಆಮೇಲೆ ಅಳಿಸುವಂತಿಲ್ಲ. ಹೆಚ್ಚು ತಪ್ಪು ಮಾಡಿದವನು ಎಲ್ಲರಿಗೂ ಕಾಫಿ ಕೊಡಿಸಬೇಕು. ಕೆಲವು ಪುಟಗಳ ಅಂಚಿನಲ್ಲಿ ‘ಬೈಟು 2, ಬಾಕಿ’ ಅಂತ ಪೆನ್ಸಿಲಿನ ಗುರುತು ಈಗಲೂ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಟದ ತಳದ ಒಂದು ಸಾಲು. ‘ಒಳಗಿನ ಸುದ್ದಿ’ ಅಂತ ಅದಕ್ಕೆ ತಲೆಬರಹ. ಯಾರಿಗೆ ಯಾರ ಜೊತೆ ಮಾತಿಲ್ಲ, ಯಾರು ಯಾರ ಕಡೆಯವರು, ನಾಯಕನ ಕಿವಿ ಕಚ್ಚಿದವರು ಯಾರು — ಊರಲ್ಲಿ ಹಬ್ಬಿದ್ದೆಲ್ಲ ಅಲ್ಲಿ ದಾಖಲು. ಅದರಲ್ಲಿ ಎಷ್ಟೋ ಸಾಲುಗಳ ಮೇಲೆ ವರ್ಷಗಳ ನಂತರ ಕೆಂಪು ಶಾಯಿಯಲ್ಲಿ ‘ಸುಳ್ಳು’ ಎಂದು ಬರೆದಿದ್ದಾರೆ.

“ನೋಡಪ್ಪಾ, ಆಟ ಕಣ್ಣಿಗೆ ಕಾಣ್ತಿತ್ತು, ರೇಡಿಯೋದಲ್ಲಿ ಕೇಳ್ತಿತ್ತು. ಡ್ರೆಸ್ಸಿಂಗ್ ರೂಮ್ ಮಾತ್ರ ಎರಡಕ್ಕೂ ಸಿಕ್ತಿರಲಿಲ್ಲ. ಅದಕ್ಕೇ ಕತೆ ಕಟ್ಟಿದ್ವಿ,” ಅಂದರು ಯಜಮಾನರು.

ನಾಲ್ವರಲ್ಲಿ ಮೂವರು ಆಫ್‌ಸ್ಪಿನ್ನರ್ ಪ್ರಸನ್ನನ ಕಡೆ. ಬೆಂಗಳೂರಿನಲ್ಲಿ ಬೇರೆ ಥರ ಇರಲು ಸಾಧ್ಯವೂ ಇರಲಿಲ್ಲ. ಇಂಜಿನಿಯರಿಂಗ್ ಮುಗಿಸಲೆಂದು 1962ರಿಂದ 67ರವರೆಗೆ ಟೆಸ್ಟ್ ಕ್ರಿಕೆಟ್ಟನ್ನೇ ಬಿಟ್ಟಿದ್ದು ಮರಳಿ ಬಂದವರು ಅವರು. 1973–74ರ ರಣಜಿ ಸೆಮಿಫೈನಲ್‌ನಲ್ಲಿ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿ, ಹದಿನೈದು ವರ್ಷ ಬಿಡದೆ ಗೆದ್ದಿದ್ದ ಬಾಂಬೆಯ ಓಟವನ್ನು ಮುರಿದ ನಾಯಕರೂ ಅವರೇ. ನಾಲ್ಕನೆಯ ಸ್ನೇಹಿತ ಮಾತ್ರ ಇನ್ನೊಬ್ಬ ಆಫ್‌ಸ್ಪಿನ್ನರ್ ವೆಂಕಟರಾಘವನ್ ಪಕ್ಷ. ವೆಂಕಟ್ ರನ್ ಬಿಡುವುದಿಲ್ಲ, ಗಲ್ಲಿಯಲ್ಲಿ ಕ್ಯಾಚ್ ಬಿಡುವುದಿಲ್ಲ ಅಂತ ಅವರ ವಾದ. ಆಗಿನ ನಾಯಕ ವಾಡೇಕರ್‌ಗೂ ಹಾಗೇ ಅನ್ನಿಸಿರಬೇಕು. 1971ರ ಇಂಗ್ಲೆಂಡ್ ಪ್ರವಾಸದ ಮೂರು ಟೆಸ್ಟ್‌ಗಳಲ್ಲಿ ಒಂದರಲ್ಲೂ ಪ್ರಸನ್ನನಿಗೆ ಜಾಗ ಸಿಗಲಿಲ್ಲ. ಓವಲ್‌ನಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಸರಣಿ ಗೆಲ್ಲಿಸಿದಾಗ ಗಾಂಧಿ ಬಜಾರಿನ ಸಂಭ್ರಮದಲ್ಲಿ ಅರ್ಧ ಸಿಟ್ಟೂ ಬೆರೆತಿತ್ತು ಎನ್ನುವುದಕ್ಕೆ ಈ ಪುಸ್ತಕವೇ ಸಾಕ್ಷಿ. ಪ್ರಸನ್ನ, ವೆಂಕಟ್, ಬೇಡಿ, ಚಂದ್ರ, ಈ ನಾಲ್ವರು ಸ್ಪಿನ್ನರ್‌ಗಳೂ ಒಟ್ಟಿಗೆ ಆಡಿದ್ದು ಒಂದೇ ಟೆಸ್ಟ್, 1967ರ ಎಜ್‌ಬಾಸ್ಟನ್. ನಾಲ್ಕು ರತ್ನಗಳಿಗೆ ಇದ್ದದ್ದು ಮೂರೇ ಜಾಗ.

ನಾನು ಮತ್ತೆ ಮತ್ತೆ ತಿರುವಿ ನೋಡಿದ್ದು 1974–75ರ ಪುಟಗಳನ್ನು. ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಸ್ಟೇಡಿಯಂನ ಮೊದಲ ಟೆಸ್ಟ್. ಎದುರಿಗೆ ಲಾಯ್ಡ್ ಅವರ ವೆಸ್ಟ್ ಇಂಡೀಸ್ ಪಡೆ. ರಿಚರ್ಡ್ಸ್, ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಶಿಸ್ತಿನ ಕಾರಣಕ್ಕೆ ಬೇಡಿಯನ್ನು ಹೊರಗಿಟ್ಟಿದ್ದರಿಂದ ಪ್ರಸನ್ನ, ವೆಂಕಟ್ ಇಬ್ಬರಿಗೂ ಜಾಗ ಸಿಕ್ಕಿತು. ಆ ಪುಟದಲ್ಲಿ ಯಾರಿಗೂ ಕಾಫಿ ದಂಡ ಬಿದ್ದಿಲ್ಲ. ನಾಯಕ ಪಟೌಡಿ, ಎಂಜಿನಿಯರ್ ಇಬ್ಬರೂ ಗಾಯಗೊಂಡು ಎರಡನೇ ಇನಿಂಗ್ಸ್‌ಗೆ ಬ್ಯಾಟ್ ಹಿಡಿಯಲೇ ಇಲ್ಲ. 267 ರನ್‌ಗಳಿಂದ ಸೋತೆವು.

ಡೆಲ್ಲಿ ಟೆಸ್ಟ್‌ಗೆ ಪಟೌಡಿ ಇಲ್ಲ, ಗಾವಸ್ಕರ್ ಬೆರಳೂ ಮುರಿದಿತ್ತು. ನಾಯಕತ್ವ ಕೊನೇ ಗಳಿಗೆಯಲ್ಲಿ ವೆಂಕಟ್ ಕೊರಳಿಗೆ ಬಿತ್ತು. ರಿಚರ್ಡ್ಸ್ ಔಟಾಗದೆ 192 ಹೊಡೆದರು, ನಾವು ಇನಿಂಗ್ಸ್ ಸೋಲು ಕಂಡೆವು. ಆ ಪುಟದ ಎಡ ಅಂಕಣದಲ್ಲಿ ಮೊದಲ ಹೆಸರೇ ವೆಂಕಟ್, ಪಕ್ಕದಲ್ಲಿ ಚುಕ್ಕಿ. ಪುಟ ತಿರುಗಿಸಿದರೆ ಕಲ್ಕತ್ತೆ. ಹನ್ನೊಂದು ಹೆಸರುಗಳ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ‘12. ವೆಂಕಟ್’. ಒಂದು ಟೆಸ್ಟ್‌ನಲ್ಲಿ ಟಾಸ್‌ಗೆ ಹೋದವರು ಮುಂದಿನ ಟೆಸ್ಟ್‌ಗೆ ಹನ್ನೆರಡನೆಯವರು!

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಪಟೌಡಿ ಮರಳಿದರು, ಮೂವರು ಸ್ಪಿನ್ನರ್ ಸಾಕು, ಆ ಮೂವರು ಬೇಡಿ, ಚಂದ್ರ, ಪ್ರಸನ್ನ. ವಿಶ್ವನಾಥ್ 139 ಹೊಡೆದು, ಚಂದ್ರ ಲಾಯ್ಡ್ ಸ್ಟಂಪ್ ಹಾರಿಸಿ, 85 ರನ್‌ಗಳಿಂದ ಗೆದ್ದೆವು ಕೂಡ. ಆಯ್ಕೆ ಸರಿಯೇ ಇತ್ತು ಅಂತ ವಾದಿಸಬಹುದು. ಆದರೂ ನನಗೆ ಒಪ್ಪಿಗೆಯಾಗುವುದಿಲ್ಲ. ನಾಯಕನಾಗಿದ್ದವರನ್ನು ಎರಡೇ ವಾರಕ್ಕೆ ಹಾಗೆ ನಡೆಸಿಕೊಳ್ಳುವ ಮನೆಯಲ್ಲಿ ಮಿಕ್ಕವರಿಗೆ ಧೈರ್ಯ ಎಲ್ಲಿಂದ ಬರಬೇಕು? ಯಜಮಾನರನ್ನು ಇದನ್ನೇ ಕೇಳಿದೆ.

“ನಾನು ಪ್ರಸನ್ನನ ಕಡೆಯವನೇ. ಅವತ್ತು ನಾನು ಬರೆದ ತಂಡವೂ ಅದೇ, ಕಾಫಿ ಗೆದ್ದೆ. ಆದರೆ ಅವನ ಮುಖ ನೋಡಿ ಕುಡಿಯೋಕೆ ಆಗಲಿಲ್ಲ,” ಅಂದರು. ‘ಅವನು’ ಅಂದರೆ ವೆಂಕಟ್ ಪಕ್ಷದ ಸ್ನೇಹಿತ. ಆ ಪುಟದ ‘ಒಳಗಿನ ಸುದ್ದಿ’ ಖಾಲಿ. ನಾಲ್ವರಿಗೂ ಬರೆಯಲು ಮನಸ್ಸಾಗಿರಲಿಲ್ಲವಂತೆ.

ವೆಂಕಟ್ ಮುಂದೆ 57 ಟೆಸ್ಟ್‌ವರೆಗೂ ಆಡಿದರು, 73 ಟೆಸ್ಟ್‌ಗಳಿಗೆ ಅಂಪೈರ್ ಆಗಿ ನಿಂತರು. ಪ್ರಸನ್ನ 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಪಡೆದು ಮುಗಿಸಿದರು.

ಪುಸ್ತಕ ಅಲ್ಲಿಗೆ ನಿಲ್ಲುವುದಿಲ್ಲ. ಮೂವರ ಸಹಿಗಳು ಒಂದೊಂದಾಗಿ ಮರೆಯಾಗುತ್ತವೆ, ಕೊನೆಗೆ ಯಜಮಾನರದ್ದೊಂದೇ. 2004ರ ಮುಲ್ತಾನ್, ಸಚಿನ್ 194ರಲ್ಲಿದ್ದಾಗ ದ್ರಾವಿಡ್ ಡಿಕ್ಲೇರ್ ಮಾಡಿದ್ದಕ್ಕೆ ಅರ್ಧ ಪುಟ. 2017ರ ಜೂನ್‌ನಲ್ಲಿ ಕುಂಬ್ಳೆ ಕೋಚ್ ಹುದ್ದೆ ಬಿಟ್ಟಾಗ, ತಮ್ಮ ಶೈಲಿಯ ಬಗ್ಗೆ ನಾಯಕನಿಗೆ ತಕರಾರಿದೆ ಎಂದು ಅವರೇ ಕೊಟ್ಟ ಹೇಳಿಕೆಯ ತುಣುಕನ್ನು ಅಂಟಿಸಿ, ಮೇಲೆ ‘ಒಳಗಿನವರೇ ಹೇಳಿದ್ದು’ ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಅದರ ಮೇಲೆ ಕೆಂಪು ಶಾಯಿ ಇಲ್ಲ.

ಇನ್ನು ಕರುಣ್ ನಾಯರ್. 2016ರ ಡಿಸೆಂಬರ್, ಚೆಪಾಕ್, ಔಟಾಗದೆ 303. ಮುಂದಿನ ಹೈದರಾಬಾದ್ ಟೆಸ್ಟ್‌ಗೆ ರಹಾನೆ ಮರಳಿದರು, ಕರುಣ್ ಹೊರಗೆ. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಮೊದಲಿಂದ ತಂಡದ ಜೊತೆಗಿದ್ದರೂ, ಓವಲ್‌ನಲ್ಲಿ ಅವಕಾಶ ಸಿಕ್ಕಿದ್ದು ಸರಣಿಯ ನಡುವೆ ಬಂದ ಹನುಮ ವಿಹಾರಿಗೆ. ವಿಹಾರಿ 56 ಹೊಡೆದರು, ಅವರ ಮೇಲೆ ನನಗೆ ದೂರಿಲ್ಲ. ಆದರೆ ತನ್ನ ಜೊತೆ ಯಾರೂ ಮಾತಾಡಲಿಲ್ಲ ಅಂತ ಕರುಣ್ ಹೇಳಿದರು, ಖುದ್ದಾಗಿ ಮಾತಾಡಿದ್ದೇನೆ ಅಂತ ಆಯ್ಕೆ ಸಮಿತಿ ಅಧ್ಯಕ್ಷ ಎಂ.ಎಸ್.ಕೆ. ಪ್ರಸಾದ್ ಹೇಳಿದರು. ಕರುಣ್ ಮತ್ತೆ ಟೆಸ್ಟ್ ಆಡಿದ್ದು 2025ರ ಜೂನ್‌ನಲ್ಲಿ. ಆ ಓವಲ್ ಪುಟದ ತಳದಲ್ಲಿ ಯಜಮಾನರು ಬರೆದಿರುವುದು ಒಂದೇ ಮಾತು: ‘ಗೊತ್ತಿಲ್ಲ’.

ಇದರಲ್ಲಿ ನಾನು ಆಯ್ಕೆದಾರರನ್ನೇ ತಪ್ಪಿತಸ್ಥರೆನ್ನುತ್ತೇನೆ. ಕೈಬಿಡುವುದು ಅವರ ಹಕ್ಕು. ಕೈಬಿಟ್ಟ ಕಾರಣವನ್ನು ಆಟಗಾರನಿಗೆ ಅದೇ ದಿನ ಹೇಳಿ, ನಮಗೂ ಎರಡು ಸಾಲಿನಲ್ಲಿ ತಿಳಿಸಿದ್ದರೆ ಆ ಪುಸ್ತಕದ ಮುಕ್ಕಾಲು ಪಾಲು ‘ಒಳಗಿನ ಸುದ್ದಿ’ ಹುಟ್ಟುತ್ತಲೇ ಇರಲಿಲ್ಲ.

ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. “ಇಟ್ಕೋಪ್ಪಾ, ಅಲ್ಲಿ ಕಪಾಟಿಲ್ಲ” ಅಂತ ಕೊಟ್ಟರು. ಇಂಥದ್ದು ನಿಮ್ಮ ಮನೆಯ ಅಟ್ಟದಲ್ಲೂ ಇರಬಹುದು. ಅಪ್ಪನದೋ ತಾತನದೋ ಕೈಬರಹದಲ್ಲಿ ಹನ್ನೊಂದು ಹೆಸರುಗಳಿರುವ ನೋಟ್‌ಬುಕ್ ಕಂಡರೆ, ದಯವಿಟ್ಟು ರದ್ದಿಯವನ ತಕ್ಕಡಿಗೆ ಹಾಕಬೇಡಿ.